ಪಾಷಂಡಿ ಯಾರು, ಗಡಿಯಾರದವರೋ ನಾನೋ?

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗುರುಗಳೇ, ಪಾದ್ರಿಯಾಗಿ ಐವತ್ತು ವರ್ಷ ಪೂರೈಸಿ ಇಂದು ಸನ್ಮಾನಗೊಳ್ಳುತ್ತಿರುವ ನನ್ನ ಅಣ್ಣನವರೇ, ಊಟದ ಹೊತ್ತು ಮೀರಿದರೂ ಎದ್ದು ಹೋಗದ ಸಭಿಕರೇ,

ಆಹ್ವಾನ ಪತ್ರಿಕೆಯಲ್ಲಿ ನನ್ನನ್ನು ‘ಪ್ರಾಟೆಸ್ಟೆಂಟ್ ಸಭೆಯ ಪ್ರತಿನಿಧಿ’ ಎಂದು ಅಚ್ಚು ಹಾಕಿಸಿದ್ದೀರಿ. ತಪ್ಪೇನಿಲ್ಲ. ಆದರೆ ಅಣ್ಣನವರೂ ನಾನೂ ಒಂದೇ ತಾಯಿಯ ಮಕ್ಕಳು ಎಂಬುದು ಇಲ್ಲಿ ಎಷ್ಟು ಜನರಿಗೆ ಗೊತ್ತು?

ಕ್ಯಾಥೊಲಿಕರ ಕಣ್ಣಿಗೆ ಪ್ರಾಟೆಸ್ಟೆಂಟರು ಪಾಷಂಡಿಗಳೇ? ಈಗಷ್ಟೇ ಬಿಡುಗಡೆಯಾದ ಅಣ್ಣನವರ ಪುಸ್ತಕದ ಪ್ರಶ್ನೆ ಇದು. ಅಲ್ಲ, ಅವರು ಬೇರ್ಪಟ್ಟ ಸೋದರರು ಎಂದು ಇನ್ನೂರು ಪುಟಗಳಲ್ಲಿ ಉತ್ತರಿಸಿದ್ದಾರೆ. ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಇಪ್ಪತ್ತೆಂಟು ವರ್ಷದ ಹಿಂದೆಯೇ ಉತ್ತರ ಸಿಕ್ಕಿತ್ತು.

ನನ್ನ ಯಜಮಾನರು ಗಡಿಯಾರ ರಿಪೇರಿ ಮಾಡುವವರು, ಹುಟ್ಟಿನಿಂದ ಪ್ರಾಟೆಸ್ಟೆಂಟರು. ನಮ್ಮ ಕ್ಯಾಥೊಲಿಕ್ ಚರ್ಚಿನ ಗೋಪುರದ ಗಡಿಯಾರ ನಿಂತಾಗ ಅವರನ್ನೇ ಕರೆಸಿದ್ದರು. ಗಡಿಯಾರ ನಡೆಯಿತು, ನನ್ನ ತಲೆ ನಿಂತಿತು! ನಗಬಹುದು, ನಮ್ಮಪ್ಪ ನಗಲಿಲ್ಲ. ಯಜಮಾನರ ಸಭೆಗೆ ಸೇರಿ ಮದುವೆಯಾದೆ. ಅಪ್ಪ ಬಾಗಿಲು ಹಾಕಿಕೊಂಡರು. ಅಮ್ಮ ಮಾತ್ರ ಸಂತೆಯಲ್ಲಿ ಸಿಕ್ಕಾಗ ನನ್ನ ಚೀಲಕ್ಕೆ ಏನಾದರೂ ತುರುಕುತ್ತಿದ್ದಳು.

ಆ ಅಮ್ಮ ಸತ್ತಾಗ ಚರ್ಚಿನಲ್ಲಿ ಬಲಿಪೂಜೆ ನಡೆಸಿದವರು ಅಣ್ಣನವರೇ. ಪರಮಪ್ರಸಾದದ ರೊಟ್ಟಿ ಪಡೆಯುವ ಸಾಲಿನಲ್ಲಿ ನಾನೂ ನಿಂತೆ. ಅದು ಕ್ಯಾಥೊಲಿಕರಿಗೆ ಮಾತ್ರ ಎಂಬ ನಿಯಮ ಗೊತ್ತಿಲ್ಲದೆ ಅಲ್ಲ, ಅಮ್ಮನ ಪೆಟ್ಟಿಗೆ ಮುಂದೆ ಇತ್ತು, ಕಾಲು ತಾನಾಗಿ ನಡೆಯಿತು. ಅಣ್ಣ ನನ್ನ ಮುಖ ನೋಡಿ ಮೆಲ್ಲಗೆ, “ನಿನಗಿಲ್ಲ, ಪಕ್ಕಕ್ಕೆ ಸರಿ” ಎಂದರು. ನನ್ನ ಹಿಂದಿದ್ದವರಿಗೆ ಕೊಟ್ಟರು. ಸರಿದೆ.

ಸಂಜೆ ಅಮ್ಮನ ಕೋಣೆಯಲ್ಲಿ ಯಜಮಾನರು ಅಣ್ಣನವರನ್ನು ಕೇಳಿಯೇಬಿಟ್ಟರು: “ಭಾವ, ನೇರವಾಗಿ ಹೇಳಿ. ನಾನು ಪಾಷಂಡೀನಾ?”

“ಛೇ, ನೀವಲ್ಲ ಭಾವ. ನೀವು ಹುಟ್ಟಿದ್ದೇ ಅಲ್ಲಿ, ನಿಮ್ಮ ತಪ್ಪೇನಿದೆ? ಎಲ್ಲ ಗೊತ್ತಿದ್ದೂ ಬಿಟ್ಟು ಹೋದೋಳು ಇವಳು.”

ನಾನು ಅದೇ ಕೋಣೆಯಲ್ಲಿ ಅಮ್ಮನ ಸೀರೆ ಮಡಿಸುತ್ತಿದ್ದೆ. ಮನೆಗೆ ಮರಳುವ ದಾರಿಯುದ್ದಕ್ಕೂ ಯಜಮಾನರು ತಮಾಷೆ ಮಾಡಲು ನೋಡಿದರು: “ನಾನು ಪಾರಾದೆ ಕಣೇ, ನೀನು ಸಿಕ್ಕಿಬಿದ್ದೆ.” ಮನೆ ಸೇರಿದ ಮೇಲೆ ಅವರೇ ಅತ್ತರು. ನನಗೆ ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಆಹ್ವಾನ ಪತ್ರಿಕೆಯ ಜೊತೆಗೇ ಬಂದಿದ್ದ ಪುಸ್ತಕವನ್ನು ಒಂದು ವಾರ ಕೂತು ಓದಿದೆ. ಸೋದರರು ಪುಟಪುಟಕ್ಕೂ ಇದ್ದಾರೆ. ಬಿಟ್ಟು ಹೋದವರ ಬಗ್ಗೆ ಮಾತ್ರ ಒಂದೇ ಸಾಲು, ಅದೂ ಅಡಿಟಿಪ್ಪಣಿಯಲ್ಲಿ: ‘ಇವರ ವಿಷಯ ಬೇರೆ.’

ಬೇರೆ. ಇರಲಿ. ಆದರೆ ಮೂರು ವರ್ಷದ ಹಿಂದೆ ನನ್ನ ಯಜಮಾನರು ತೀರಿಕೊಂಡರಲ್ಲ, ಅವರ ವಿಷಯ ಬೇರೆಯಲ್ಲವಲ್ಲ? ಅಣ್ಣನವರು ಬಂದರು. ಬಂದು ನಮ್ಮ ಸಭೆಯ ಸ್ಮಶಾನದ ಗೇಟಿನ ಹೊರಗೇ ನಿಂತರು. ಒಳಗೆ ಬರಬಾರದೆಂದು ಯಾರೂ ಹೇಳಿರಲಿಲ್ಲ. ನಿಯಮ ಬಿಟ್ಟಿತ್ತು, ಕಾಲು ಬಿಡಲಿಲ್ಲ. ಮಣ್ಣು ಮುಚ್ಚಿ ನಾವು ಹೊರಗೆ ಬರುವಷ್ಟರಲ್ಲಿ ಹೊರಟುಹೋಗಿದ್ದರು.

ನಿನ್ನೆ ಫೋನು ಮಾಡಿದ್ದರು. “ಎರಡು ಒಳ್ಳೆ ಮಾತಾಡು, ಮನೆ ವಿಷಯ ಬೇಡ.” ಮೊದಲನೆಯದನ್ನು ಪ್ರಯತ್ನಿಸುತ್ತೇನೆ: ಇವರು ಜೀವನದಲ್ಲಿ ಒಮ್ಮೆಯೂ ಸುಳ್ಳು ಹೇಳಿದವರಲ್ಲ. ನನಗೂ ಹೇಳಲಿಲ್ಲ.

ನನಗೆ ಎಪ್ಪತ್ತೊಂದು, ಎದೆಯ ಕಾಯಿಲೆ ಬೇರೆ. ಅಣ್ಣಾ, ನನ್ನ ದಿನ ಬಂದಾಗ ಒಳಗೆ ಬಾ. ಒಂದು ಹಿಡಿ ಮಣ್ಣು ಹಾಕು. ಪಾಷಂಡಿ ಅಂದುಕೊಂಡೇ ಹಾಕು, ಆದರೆ ಹಾಕು.

ಇಷ್ಟು ಹೊತ್ತು ಮೈಕು ಕಿತ್ತುಕೊಳ್ಳದ ನಿಮಗೆಲ್ಲ ಧನ್ಯವಾದ. ನಮಸ್ಕಾರ.