ಆ ಕೈ ಬಿಡಮ್ಮ

ಮೆಲ್ಲಗೆ ಹೇಳ್ತೀನಿ, ಒಳಗೆ ಅಕ್ಕ ಮಲಗಿದ್ದಾಳೆ... ನಮ್ಮ ಚಿಕ್ಕಮ್ಮನ ಮಗಳು. ಇದು ನಡೆದದ್ದು ಅವಳಿಗೇ.

ಅವತ್ತು ರಾತ್ರಿ ಅಕ್ಕ ಗಂಡನನ್ನು ಅಂಗಡಿಯಿಂದ ಕರೆದುಕೊಂಡು ಬರುತ್ತಿದ್ದಳು. ಗಂಡ ಕ್ಷೌರಿಕ. ಎಡಗೈಯಲ್ಲೇ ಕತ್ತರಿ ಆಡಿಸುತ್ತಿದ್ದ, ಅದಕ್ಕೇ ಎಲ್ಲರ ಬಾಯಲ್ಲೂ ಎಡಚ. ಹೋದ ವರ್ಷ ಅದೇ ಅಂಗಡಿಯಲ್ಲಿ ಅವನ ಅಣ್ಣ ಗಿರಾಕಿಯ ಗಡ್ಡ ಹೆರೆಯುತ್ತಾ ನಿಂತಲ್ಲೇ ಕುಸಿದು ಪ್ರಾಣ ಬಿಟ್ಟಿದ್ದ. ಹೃದಯ ಹುಚ್ಚುಹುಚ್ಚಾಗಿ ಬಡಿದು ನಿಂತುಹೋಗುವ ಕಾಯಿಲೆ. ತಮ್ಮನಿಗೂ ಅದೇ ಅಂತ ಗೊತ್ತಾದ ಮೇಲೆ ಡಾಕ್ಟರು ಅವನ ಎಡಭುಜದ ಕೆಳಗೆ, ಚರ್ಮದಡಿ, ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ ಇಟ್ಟರು. ಅದರಿಂದ ಹೃದಯದೊಳಕ್ಕೆ ಒಂದು ತಂತಿ. ಬಡಿತ ದಾರಿ ತಪ್ಪಿದರೆ ಪೆಟ್ಟಿಗೆ ಕರೆಂಟು ಹೊಡೆದು ದಾರಿಗೆ ತರುತ್ತದಂತೆ.

"ತಂತಿ ಕಚ್ಚಿಕೊಳ್ಳೋವರೆಗೂ ಎಡಗೈ ಎತ್ತಬೇಡಿ," ಅಂದಿದ್ದರು. ಯಾವ ಕೈಯವನಪ್ಪ ನೀನು ಅಂತ ಅವರು ಕೇಳಲಿಲ್ಲ. ಈ ಪುಣ್ಯಾತ್ಮ ಬಾಯಿ ಬಿಡಲಿಲ್ಲ. ಹೊಲಿಗೆ ಆರುವ ಮೊದಲೇ ಷಟರ್ ಎತ್ತಿದ, ಕತ್ತರಿ ಹಿಡಿದ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ.

ಹಾಳುಬಾವಿಯ ಹತ್ತಿರ ಬಂದರು. ಪಕ್ಕದಲ್ಲಿ ಆಲದ ಮರ. ಆಗ... ಪೀಂ... ಪೀಂ... ಪೀಂ...

ಅಕ್ಕ ನಿಂತಳು. "ಬಾವಿಯೊಳಗಿಂದ ಏನ್ರೀ ಅದು?"

"ಬಾವಿ ಅಲ್ಲ ಕಣೇ..." ಅವನು ಎದೆ ಮುಟ್ಟಿಕೊಂಡ. "ನನ್ನೊಳಗಿಂದ."

ಧಡ್! ಎದೆಗೆ ಕತ್ತೆ ಒದ್ದ ಹಾಗೆ. ಮಂಡಿಯೂರಿ ಬಿದ್ದ. ಅಕ್ಕ ಕೈಗೆ ಸಿಕ್ಕ ಎಡಗೈ ಹಿಡಿದು ಮೇಲಕ್ಕೆ ಎಳೆದಳು. ಧಡ್! ಅವಳ ಅಂಗೈಯೂ ಜುಮ್ಮೆಂದಿತು.

"ಯಾರಾದ್ರೂ ಬನ್ರಪ್ಪಾ..." ಒಂದು ನರಪಿಳ್ಳೆ ಇಲ್ಲ.

ಎಡಚ ಬಾವಿ ಕಡೆ ನೋಡಿದ. ತೆವಳತೊಡಗಿದ. "ನೀರಿಗೆ ಬಿದ್ರೆ ಇದು ನಿಲ್ಲುತ್ತೆ... ಬಿಡೇ ನನ್ನ."

"ನಿಮ್ಮ ದಮ್ಮಯ್ಯ, ಬಿಡಲ್ಲ!"

ಅವನು ಅತ್ತ, ಇವಳು ಇತ್ತ. ನಡುವೆ ಆ ಎಡಗೈ, ಹಗ್ಗದ ಹಾಗೆ. ಧಡ್! ಅಷ್ಟು ದೊಡ್ಡ ಗಂಡಸು ಮಗುವಿನ ಹಾಗೆ ಅತ್ತ.

ಆಗ ಆಲದ ಕಡೆಯಿಂದ ಯಾರೋ ಗಂಟಲು ಸರಿಮಾಡಿಕೊಂಡರು. ಹ್ಞುಂ... ಹ್ಞುಂ.

"ಆ ಕೈ ಬಿಡಮ್ಮ."

ಆ ದನಿ ಅವಳಿಗೆ ಚೆನ್ನಾಗಿ ಗೊತ್ತು. ಅದು ಮಣ್ಣು ಸೇರಿ ವರ್ಷವಾಗಿತ್ತು.

"ಕರ್ಕೊಂಡು ಹೋಗೋಕೆ ಬಂದ್ರಾ ಭಾವ?" ಅಕ್ಕ ಪಿಸುಗುಟ್ಟಿದಳು. "ಕೊಡಲ್ಲ. ಇವರನ್ನ ಕೊಡಲ್ಲ." ಎರಡೂ ಕೈಯಲ್ಲಿ ಜಗ್ಗಿದಳು. ಧಡ್! ಎಡಚನ ಕಣ್ಣುಗುಡ್ಡೆಗಳು ಮೇಲೆ ಸಿಕ್ಕಿಕೊಂಡವು.

"ಎಳೀಬೇಡ. ಬಿಡಮ್ಮ..."

ಅವಳಿಗೆ ನೋಡಲಾಗಲಿಲ್ಲ. ಹೋದರೆ ಹೋಗಲಿ, ಈ ನರಕ ಬೇಡ ಅಂದುಕೊಂಡುಬಿಟ್ಟಳು. ಹಾಗೆ ಅಂದುಕೊಂಡೆನಲ್ಲ ಅಂತ ಇವತ್ತಿಗೂ ಅಳುತ್ತಾಳೆ. ಬಿಟ್ಟಳು.

ಕೈ ಧೊಪ್ಪನೆ ಕೆಳಗೆ ಬಿತ್ತು. ಅವನು ಬಾವಿಗೆ ಹೋಗಲಿಲ್ಲ. ಕಟ್ಟೆಗೆ ಒರಗಿ, ತಲೆ ಬಗ್ಗಿಸಿ ಕೂತ. ಉಸಿರಾಡುತ್ತಿದ್ದ. ಮತ್ತೆ ಒದೆ ಬೀಳಲಿಲ್ಲ. ಅಕ್ಕ ಅವನನ್ನು ಮುಟ್ಟಲು ಹೆದರಿ ರಸ್ತೆಗೆ ಓಡಿ, ಬ್ರೆಡ್ಡಿನ ವ್ಯಾನು ಅಡ್ಡಗಟ್ಟಿ ಕರೆತಂದು, ಅದರಲ್ಲೇ ಆಸ್ಪತ್ರೆಗೆ ಸಾಗಿಸಿದಳು.

ತಂತಿ ಜಾರಿತ್ತಂತೆ. ಕೈ ಜಗ್ಗಿದಾಗಲೆಲ್ಲ ಪೆಟ್ಟಿಗೆ ಅದನ್ನೇ ಕೆಟ್ಟ ಬಡಿತ ಅಂತ ತಿಳಿದು ಒದ್ದಿದೆ. ಹೃದಯ ಪಾಪ ತನ್ನ ಪಾಡಿಗೆ ಸರಿಯಾಗೇ ಇತ್ತು. ಇನ್ನಷ್ಟು ಜಗ್ಗಿದ್ದರೆ ಏನಾಗುತ್ತಿತ್ತೋ ಅಂದರು ಡಾಕ್ಟರು. ಮತ್ತೆ ಕೊಯ್ದು ತಂತಿ ಕೂರಿಸಿದರು.

ದೆವ್ವ ಗಿವ್ವ ಏನಿಲ್ಲ, ಗಾಬರಿಯಲ್ಲಿ ಕಿವಿಗೆ ಹಾಗೆ ಕೇಳಿಸಿತು ಅಂತೀರಿ. ನಾನೂ ಹಾಗೇ ಅಂದೆ. ಆದರೆ ಅಣ್ಣ ಹೋದ ಮೇಲೆ ಎಡಚ ತನ್ನ ತಲೆಯನ್ನು ಬೇರೆ ಯಾರ ಕೈಗೂ ಕೊಟ್ಟಿರಲಿಲ್ಲ. ಅವತ್ತು ಸಂಜೆವರೆಗೂ ಹಿಂದಲೆ ಕೂದಲು ಕಾಲರ್ ದಾಟಿತ್ತು. ಅದೇ ರಾತ್ರಿ ಆಸ್ಪತ್ರೆಯಲ್ಲಿ ನೋಡಿದರೆ ಕತ್ತಿನ ಹಿಂದೆ ಗೆರೆ ಎಳೆದ ಹಾಗೆ ಯಾರೋ ಕತ್ತರಿಸಿದ್ದರು, ಸೊಗಸಾಗಿ. ನಂಬಿದರೆ ನಂಬಿ, ಬಿಟ್ಟರೆ ಬಿಡಿ... ಅಂಗಿ ಕಾಲರಿನೊಳಗೆ ಉದುರಿದ್ದ ಕೂದಲು ಕೊಡವಿದವನು ನಾನೇ.