ಕೊಳಸಾ ಬಂತೇನ್ರಿ?

ಲೈಟ್ ಹೋತಲ್ಲ, ಬರೂತನಕ ಒಂದ ಹೇಳತೀನಿ. ಭೋಜ ಅನ್ನೂ ಊರಾಗ ನಮ್ಮ ಅತ್ತಿ ಮಗ ವಿಠೋಬಾಗ ಆದದ್ದು. ಅಂವಂದು ಇಟ್ಟಂಗಿ ಸುಡೂ ಭಟ್ಟಿ. ಆ ರಾತ್ರಿ ಹಳೆ ಬಾಂವಿ ಮುಂದ ಹಾದು ಒಬ್ಬಾಂವನ ತನ್ನ ಮನಿಗೆ ಹೊಂಟಿದ್ದ...

ತಡೀರಿ, ಹಿಂದಿಂದ ಹೇಳಬೇಕು. ಆ ಬ್ಯಾಸಿಗ್ಯಾಗ ಕಲ್ಲಿದ್ದಲಿ, ನಮ್ಮ ಕಡೆ ಕೊಳಸಾ ಅಂತೀವಲ್ಲ, ಅದು ಎಲ್ಲೂ ಸಿಗಲಿಲ್ಲ. ಹಡಗಿನ್ಯಾಗ ಕಳಸೂ ದೇಶದಾಂವ್ರು ಕಳಸೂದ ಬಂದ್ ಮಾಡಿದ್ರು. ನಮ್ಮ ದೇಶದ್ದು ಮೊದಲ ಕರೆಂಟ್ ತಯಾರ ಮಾಡಾಂವ್ರಿಗೆ. ಉಳಿದದ್ದಕ್ಕ ರೈಲ್ವೆ ಡಬ್ಬಿ ಸಿಗವಲ್ದು, ಡಬ್ಬಿ ಸಿಕ್ರ ಲಾರಿ ಸಿಗವಲ್ದು. ವಿಠೋಬಾಗ ಕೊಳಸಾ ತರೂ ಲಾರಿ ಮಾತ್ರ ದಿನಾ ಘಾಟಿನ್ಯಾಗ ಕೆಟ್ಟ ನಿಲ್ತಿತ್ತು... ಡ್ರೈವರನ ಫೋನಿನ್ಯಾಗ.

ಭಟ್ಟಿ ಮುಂದ ಲಕ್ಷ ಹಸಿ ಇಟ್ಟಂಗಿ ಒಣಗಿ ನಿಂತಿದ್ದು. ಸುಡೂದರಾಗ ಒಂದ ಜೋರ ಮಳಿ ಬಂದ್ರ ಎಲ್ಲಾ ಮತ್ತ ಕೆಸರ. ಹೇಂತಿ ಅನುಸೂಯಾ, ಕೆಲಸದಾಂವ್ರು, ಚಾದಂಗಡ್ಯಾಂವ, ಯಾರ ಸಿಕ್ರೂ ಒಂದ ಮಾತ, ಕೊಳಸಾ ಬಂತೇನ್ ಅಂತ. ಇಂವಾ ಮುಖಾ ನೋಡದ ನಾಳೆ ಬರ್ತೈತಿ ಅಂತಿದ್ದ. ಯಾರರ ನಮಸ್ಕಾರ ಅಂದ್ರೂ ನಾಳೆ ಬರ್ತೈತಿ ಅಂತಿದ್ದ.

ಹಂಗ ಆ ರಾತ್ರಿ ಬಾಂವಿ ಹತ್ರ ಬಂದಾನ. ರಾಟಿ ತಿರಗಾಕತ್ತೈತಿ. ಕಿರ್... ಕಿರ್... ಗಾಳಿ ಇಲ್ಲ. ಕತ್ತಲಾಗ ಬಾಂವಿ ಕಟ್ಟಿ ಮ್ಯಾಲಿಂದ ಪಿಸುಮಾತು.

"ಮಾಲಕ್ರ... ಕೊಳಸಾ ಬಂತೇನ್ರಿ?"

"ನಾಳೆ ಬರ್ತೈತಿ."

"ನಿನ್ನೇನೂ ಹಂಗ ಅಂದ್ರಿ... ನಾಳೆ ಮಳಿ ಐತ್ರಿ."

ವಿಠೋಬಾ ತಲಿ ಎತ್ತಿ ಮುಗಲ ನೋಡಿದ.

"ಜರಡಿ ಎಲ್ಲಿಟ್ಟೀರಿ?"

"ಇರೂ ಕಡೆ ಐತಲೇ ಮಾಳು," ಅಂದು ಮುಂದ ನಡದ.

ಮನಿ ಬಾಗಲಾ ತಗಿಯೂ ಮುಂದ ನೆಪ್ಪಾತು. ಮಾಳು ಅಂದ್ರ ಭಟ್ಟ್ಯಾಗ ಕೊಳಸಾ ಸೋಸತಿದ್ದಾಂವ. ದೀವಳಿಗ್ಯಾಗ ಸತ್ತಾನ. ಹೆಣಕ್ಕ ಹೆಗಲ ಕೊಟ್ಟಾಂವ ಇಂವನ.

ಓಡಲಿಲ್ಲ, ಚೀರಲಿಲ್ಲ. ಅಂಜಾಕೂ ತ್ರಾಣ ಇರಲಿಲ್ಲಂತ. ಕೈಕಾಲ ತೊಳಕೊಂಡ, ರೊಟ್ಟಿ ತಿಂದ, ಬಿದ್ದಕೊಂಡ. ಆಗ ಭಟ್ಟಿ ಕಡಿಂದ ಕೇಳಸ್ತು... ಜರಕ್... ಜರಕ್... ಜರಡಿ ಆಡಸೂ ಸಪ್ಪಳ. ನಡುವ ಒಂದ ಒಣಾ ಕೆಮ್ಮು. ಅಲ್ಲಿ ಸೋಸಾಕ ಒಂದ ಚೂರ ಕೊಳಸಾ ಇಲ್ಲ.

ಅನುಸೂಯಾಗೂ ಕೇಳಸ್ತು. "ಏನ್ರಿ... ಬಂತೇನ್?" ಅಂದ್ಳು.

ಅವತ್ತೊಂದಿನ ಇಂವಾ ನಾಳೆ ಅನ್ನಲಿಲ್ಲ. ಮಗ್ಗಲಾ ಬದಲಿಸಿದ.

ಮರದಿನ ಮಳಿ ಬಂತು. ಗಾಳಿಗೆ ಇಟ್ಟಂಗಿ ಮ್ಯಾಲ ಹೊಚ್ಚಿದ್ದ ತಾಡಪತ್ರಿ ಹಾರಿ ನೆಟ್ಟಗ ಬಾಂವ್ಯಾಗ ಬಿತ್ತು. ಇಟ್ಟಂಗಿ ಎಲ್ಲಾ ಕೆಸರಾದ್ವು. ಜರಡಿ ಇದ್ದ ಕಡೆ ಒಂದ ಸಾಲ ಮಾತ್ರ ಕೆಂಪಗ ಸುಟ್ಟು ನಿಂತಿತ್ತು. ಬಡದ್ರ ಠಣ್ ಅಂತಿತ್ತು. ಲಾರಿ ಅದರ ಮರದಿನ ಬಂತು.

ಆ ಸಾಲಿನ ಇಟ್ಟಂಗಿಲೇ ವಿಠೋಬಾ ಮನಿ ಮುಂದ ಒಂದ ಕಟ್ಟಿ ಕಟ್ಟಸ್ಯಾನ. ಖರೆನ ಆದದ್ದ್ರಿ ಇದು, ನಾ ಅದರ ಮ್ಯಾಲ ಕುಂತ ಚಾ ಕುಡದ ಬಂದೀನಿ. ಥಂಡಿ ದಿನದಾಗ ಓಣ್ಯಾನ ನಾಯಿಗೋಳೆಲ್ಲಾ ಆ ಕಟ್ಟಿಗೆ ಬೆನ್ನ ಹಚ್ಚಿ ಮಲಗತಾವ.