ವಾಪಸು ಹೋಗದ ಡಬ್ಬಿ

ಇವತ್ತಿನ ಬೋಧನೆಯಲ್ಲಿ ಒಬ್ಬ ಶ್ರೀಮಂತನ ಕಥೆ ಹೇಳುತ್ತೇನೆ, ಕೇಳಿ. ಊರು ಯಾವುದೆಂದು ಕೇಳಬೇಡಿ, ಹೆಸರೂ ಕೇಳಬೇಡಿ. ಹೆಸರು ಹೇಳಿದರೆ ನೀವೆಲ್ಲ ಅವನ ಕಡೆ ತಿರುಗಿ ನೋಡುತ್ತೀರಿ, ನಿಮ್ಮನ್ನು ನೀವು ನೋಡಿಕೊಳ್ಳುವುದಿಲ್ಲ.

ಡಿಸೆಂಬರ್ ಬಂತೆಂದರೆ ಅವನಿಗೆ ಒಂದೇ ಚಿಂತೆ. ಕ್ರಿಸ್ಮಸ್ ಊಟ ಆದ ಮೇಲೆ ಅತಿಥಿಗಳಿಗೆ ಸಿಹಿ ಏನು ಕೊಡುವುದು? ಊಟದ ಚಿಂತೆಯಲ್ಲ ನೋಡಿ, ಊಟ ಮುಗಿದ ಮೇಲಿನ ಚಿಂತೆ. ಹೆಂಡತಿ ಕ್ಯಾರಮೆಲ್ ಪುಡ್ಡಿಂಗ್ ಎಂದಳು. ಅದು ಎಲ್ಲರ ಮನೆಯಲ್ಲೂ ಇರುತ್ತದೆ ಎಂದ. ಫ್ರೂಟ್ ಸಲಾಡ್ ಮೇಲೆ ಐಸ್‌ಕ್ರೀಮ್ ಎಂದಳು. ಇದೇನು ಮದುವೆ ಊಟವಾ ಎಂದ. ಹೋದ ವರ್ಷ ಡಾಕ್ಟರ ಮನೆಯಲ್ಲಿ ಪ್ಲಮ್ ಪುಡ್ಡಿಂಗಿನ ಮೇಲೆ ಬ್ರಾಂದಿ ಸುರಿದು, ಬೆಂಕಿ ಹಚ್ಚಿ ಮೇಜಿಗೆ ತಂದಿದ್ದರು. ಆ ಬೆಂಕಿ ಇವನ ಹೊಟ್ಟೆಯಲ್ಲಿ ಇನ್ನೂ ಆರಿರಲಿಲ್ಲ.

ಅದೇ ಕೋಣೆಯಲ್ಲಿ ಅವನ ತಾಯಿ ಕೂತಿದ್ದಳು. ಕಣ್ಣು ಮಂಜು, ಮಂಡಿ ನೋವು, ಚರ್ಚಿಗೂ ಬರಲಾಗದ ಸ್ಥಿತಿ.

"ನನಗೆ ಅದೆಲ್ಲ ಬ್ಯಾಡಪ್ಪ. ನಿನ್ನ ತಂಗಿ ಎಣ್ಣೇಲಿ ಕರಿದ ನಾಕು ಸಿಹಿ ಕಲ್‌ಕಲ್ ಸಿಕ್ಕಿದ್ರೆ ಸಾಕು," ಎಂದಳು.

ಮಗ ಕಿವಿ ಕೇಳದವನ ಹಾಗೆ ಎದ್ದು ಹೋದ. ತಂಗಿ ಅದೇ ಊರಿನಲ್ಲಿದ್ದಳು, ಅದೇ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಮದುವೆಗಳಲ್ಲಿ ಬ್ಯಾಂಡ್ ಊದುವವನನ್ನು ಕಟ್ಟಿಕೊಂಡಳು, ಅಷ್ಟೇ ಅವಳ ತಪ್ಪು. ಅಂದಿನಿಂದ ಅಣ್ಣನ ಮನೆ ಬಾಗಿಲು ಅವಳಿಗೆ ಮುಚ್ಚಿತು. ಇವನ ಸ್ವಂತ ಮದುವೆಯಲ್ಲಿ ಅದೇ ಬ್ಯಾಂಡು ಊದಿತ್ತು, ಇವನು ಕುಣಿದಿದ್ದ. ಬ್ಯಾಂಡು ಬೇಕು, ಬ್ಯಾಂಡಿನವನು ಬೇಡ. ನಗಬೇಡಿ. ನಗುವ ಮಾತಲ್ಲ ಇದು.

ಹಬ್ಬದ ಹಿಂದಿನ ದಿನ ಅವಳು ಸ್ಟೀಲ್ ಡಬ್ಬಿ ಹಿಡಿದು ಗೇಟಿನ ಹತ್ತಿರ ಬಂದಳು.

"ಒಳಗೆ ಬರಲ್ಲ ಅಣ್ಣ. ಇದನ್ನ ಅಮ್ಮನ ಕೈಗೆ ಕೊಡು, ಸಾಕು."

"ಹೂಂ, ಕೊಡ್ತೀನಿ," ಎಂದ. ಆ ಹೊತ್ತಿಗೆ ಅವನ ಮನಸ್ಸು ಕರಗಿತ್ತು, ಸುಳ್ಳು ಹೇಳಬಾರದು. ಆದರೆ ಒಳಗೆ ಬರುವಷ್ಟರಲ್ಲಿ ಲೆಕ್ಕಾಚಾರ ಶುರುವಾಯಿತು. ಅಮ್ಮ ಇದನ್ನು ತಿಂದರೆ ಮಗಳನ್ನು ಕರೆಸು ಎನ್ನುತ್ತಾಳೆ. ಕರೆಸಿದರೆ ಬ್ಯಾಂಡಿನವನೂ ಬರುತ್ತಾನೆ, ದೊಡ್ಡವರ ಪಕ್ಕದಲ್ಲಿ ಕೂರುತ್ತಾನೆ. ಕಲ್‌ಕಲ್ಲನ್ನು ಒಂದು ರಟ್ಟಿನ ಪೆಟ್ಟಿಗೆಗೆ ಸುರಿದು, ಡ್ರೈವರ್ ಕೈಯಲ್ಲಿ ಹೆಡ್‌ಮಾಸ್ಟರ ಮನೆಗೆ ಕಳಿಸಿಬಿಟ್ಟ. ಡಬ್ಬಿ ಸಿಂಕಿನ ಕೆಳಗೆ ಹೋಯಿತು. "ಅವಳ ಡಬ್ಬಿ ಬಂತಾ?" ಎಂದು ತಾಯಿ ಕೇಳಿದರೆ, "ಇಲ್ಲಮ್ಮ, ಮರೆತಿರಬೇಕು," ಎಂದ. ಹೆತ್ತ ತಾಯಿಗೆ, ಬಾಲಯೇಸುವಿನ ಗೋದಲಿಗೆ ಬಣ್ಣದ ದೀಪ ಕಟ್ಟುತ್ತಾ ಹೇಳಿದ ಮಾತು ಇದು.

ಮುಂದೆ ಏನಾಯಿತೆಂದು ನಾನು ಹೇಳಬೇಕೆ? ನಮ್ಮ ಪದ್ಧತಿ ನಿಮಗೆ ಗೊತ್ತಿಲ್ಲವೆ? ಎಲ್ಲರ ಮನೆಯಿಂದ ಎಲ್ಲರ ಮನೆಗೂ ತಿಂಡಿ ಹೋಗುತ್ತದೆ, ತಿನ್ನುವವರು ಯಾರೂ ಇಲ್ಲ. ಹೆಡ್‌ಮಾಸ್ಟರ ಹೆಂಡತಿ ಪೆಟ್ಟಿಗೆ ತೆರೆಯಲೂ ಇಲ್ಲ, ರಿಬ್ಬನ್ ಕಟ್ಟಿ ಡಾಕ್ಟರ ಮನೆಗೆ ಕಳಿಸಿದಳು. ಡಾಕ್ಟರ ಹೆಂಡತಿ ಅದನ್ನು ಚಂದದ ಗಾಜಿನ ಬಟ್ಟಲಿಗೆ ಸುರಿದು, ಹಬ್ಬದ ದಿನ ಊಟದ ಹೊತ್ತಿಗೆ ನಮ್ಮ ಶ್ರೀಮಂತನ ಮನೆಗೇ ಕಳಿಸಿದಳು.

ಇವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಪೇಟೆಯಿಂದ ತರಿಸಿದ ಪುಡ್ಡಿಂಗ್ ಪಕ್ಕಕ್ಕೆ ಸರಿಯಿತು, ಬಟ್ಟಲು ಮೇಜಿನ ನಡುವೆ ಬಂತು. "ಡಾಕ್ಟರ ಮನೆಯದು, ರುಚಿ ನೋಡಿ," ಎಂದು ಎಲ್ಲರಿಗೂ ಕೊಟ್ಟ, ತಾನೂ ಒಂದನ್ನು ಬಾಯಿಗೆ ಹಾಕಿಕೊಂಡ. ಎಂಥ ಹದ ಎಂದು ಅತಿಥಿಗಳು ಹೊಗಳಿದರು. ತಾಯಿಯ ಅಂಗೈಗೂ ಒಂದನ್ನು ಇಟ್ಟ.

ಕಲ್‌ಕಲ್ ಹಿಟ್ಟನ್ನು ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಮಾಡುತ್ತಾರೆ, ಅದಕ್ಕೇ ಆ ಗೀರುಗಳು. ತಾಯಿ ತನ್ನ ಬಾಚಣಿಗೆಯನ್ನು ಮಗಳಿಗೆ ಕೊಟ್ಟಿದ್ದಳು. ಅದರ ನಡುವಿನ ಹಲ್ಲು ಮುರಿದಿತ್ತು. ಮುದುಕಿ ಹೆಬ್ಬೆರಳಿನಿಂದ ಗೀರುಗಳನ್ನು ಸವರಿದಳು. ನಡುವೆ ಒಂದು ಗೀರು ಇರಲಿಲ್ಲ. ಇನ್ನೊಂದು ಕೊಡು ಎಂದು ಅದನ್ನೂ ಸವರಿದಳು.

"ಇದು ನನ್ನ ಬಾಚಣಿಗೆ. ನನ್ನ ಮಗಳು ಮಾಡಿದ್ದು ಇದು. ಡಾಕ್ಟರ ಮನೆಗೆ ಹೆಂಗೆ ಹೋಯ್ತಪ್ಪ?"

ಬಾಯಲ್ಲಿದ್ದ ಕಲ್‌ಕಲ್ಲನ್ನು ಅವನು ಉಗುಳುವಂತಿಲ್ಲ, ನುಂಗುವಂತಿಲ್ಲ. ಹೆಂಡತಿಗೆ ಎಲ್ಲ ಗೊತ್ತಿತ್ತು. ಅವಳು ಒಳಗೆ ಹೋಗಿ, ಸಿಂಕಿನ ಕೆಳಗಿದ್ದ ಡಬ್ಬಿ ತಂದು ಅತ್ತೆಯ ಮಡಿಲಲ್ಲಿಟ್ಟಳು.

"ಸಂಜೆ ಡ್ರೈವರ್ ಕೈಲಿ ಕಳಿಸ್ತೀನಮ್ಮ, ಪುಡ್ಡಿಂಗ್ ತುಂಬಿಸಿ," ಎಂದು ಇವನು ತಡವರಿಸಿದ. ಬಂದ ಡಬ್ಬಿಯನ್ನು ನಾವು ಖಾಲಿ ಕಳಿಸುವುದಿಲ್ಲವಲ್ಲ, ಮರ್ಯಾದಸ್ಥರು.

"ಏನೂ ತುಂಬಿಸ್ಬ್ಯಾಡ," ಎಂದಳು ತಾಯಿ. "ಖಾಲಿ ಡಬ್ಬಿ ಹಿಡ್ಕೊಂಡು ನೀನೇ ನಡ್ಕೊಂಡು ಹೋಗು. ಅವಳ ಬಾಗಿಲಲ್ಲಿ ನಿಂತು, ಅಮ್ಮನಿಗೆ ಕೊಡಲಿಲ್ಲ ಅಂತ ನಿನ್ನ ಬಾಯಿಂದ್ಲೇ ಹೇಳು. ಅವರಿಬ್ಬರೂ ಇಲ್ಲಿ ಬಂದು ಕೂತ ಮೇಲೇ ನಾನು ಇದನ್ನ ತಿನ್ನೋದು."

ಹಬ್ಬದ ನಡುಮಧ್ಯಾಹ್ನ, ಹೊಸ ಸೂಟಿನಲ್ಲಿ, ಖಾಲಿ ಡಬ್ಬಿ ಹಿಡಿದು ಅವನು ಇಡೀ ಬೀದಿ ನಡೆದ. ಎಲ್ಲ ಕಿಟಕಿಗಳೂ ನೋಡಿದವು. ತಂಗಿ ಬಾಗಿಲು ತೆರೆದಳೇ? ತೆರೆದಳು. ಅದು ಅವಳ ದೊಡ್ಡತನ, ಇವನ ಪುಣ್ಯವಲ್ಲ. ನಿಮಗೂ ಎಲ್ಲರೂ ಹಾಗೆಯೇ ತೆರೆಯುತ್ತಾರೆ ಎಂದು ಎಣಿಸಬೇಡಿ.

ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಿಂತು ನೀವು ಆಡುವ ಮಾತು ನನ್ನ ಕಿವಿಗೂ ಬೀಳುತ್ತದೆ. ಕೇಕಿಗೆ ರಮ್ ಎಷ್ಟು, ಪುಡ್ಡಿಂಗಿಗೆ ಮೊಟ್ಟೆ ಎಷ್ಟು, ಯಾರ ಮೇಜು ಯಾರದಕ್ಕಿಂತ ದೊಡ್ಡದು. ನಿಮ್ಮ ಮೇಜಿಗೆ ಬರಬೇಕಾದವರಲ್ಲಿ ಯಾರು ಬಂದಿಲ್ಲ ಎಂದು ಒಬ್ಬರಾದರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ಹಿಂದಿನ ಬೆಂಚು ಯಾಕೆ ಅಷ್ಟು ಬೇಗ ಖಾಲಿಯಾಗುತ್ತದೆ? ನಿಮ್ಮ ಮುಖ ನೋಡುವ ಮೊದಲೇ ಅವರು ಎದ್ದು ಹೋಗುತ್ತಾರೆ. ಯಾರ ಭಯಕ್ಕೆ? ನಿಮ್ಮ ಭಯಕ್ಕೆ.

ಈ ವರ್ಷ ಬಂದ ತಿಂಡಿಯನ್ನು ತೆರೆಯದೆ ದಾಟಿಸಬೇಡಿ. ತಂದವರನ್ನು ಗೇಟಿನಲ್ಲಿ ನಿಲ್ಲಿಸಬೇಡಿ. ಒಳಗೆ ಕರೆಯಿರಿ, ಅವರ ಕಣ್ಣೆದುರೇ ತಿನ್ನಿ. ಹಬ್ಬಕ್ಕೆ ಕಾಯಲೂಬೇಡಿ. ಇವತ್ತು ಮನೆಗೆ ಹೋದ ಕೂಡಲೇ ಅಡುಗೆಮನೆ ಹುಡುಕಿ. ವಾಪಸು ಕೊಡದ ಡಬ್ಬಿ ಒಂದಾದರೂ ಸಿಗುತ್ತದೆ. ಅದು ಯಾರ ಮನೆಯದೆಂದು ನಿಮಗೆ ಚೆನ್ನಾಗಿ ಗೊತ್ತು. ಅದನ್ನು ಹಿಡಿದು ಹೊರಡಿ, ಖಾಲಿಯಿದ್ದರೂ ಸರಿ. ಸಿಹಿಯ ಮಾತು ಆಮೇಲೆ.